ಫಾಸ್ಟ್ ಚಾರ್ಜರಿನ ಪಕ್ಕದ ಕಲ್ಲುಬೆಂಚು

ಮೊನ್ನೆ ಭಾನುವಾರ ಕಾರು ತೊಳೆಯುತ್ತಾ ಹಿಂದಿನ ಸೀಟಿನ ಸಂದಿಯಲ್ಲಿ ಕೈಯಾಡಿಸಿದೆ. ಒಂದು ಚಾಕ್‌ಪೀಸಿನ ತುಂಡು ಸಿಕ್ಕಿತು, ಎರಡು ಗುಂಡುಪಿನ್ನು ಚುಚ್ಚಿದವು, ಕೈ ಹೊರಗೆ ತೆಗೆದರೆ ಬೆರಳೆಲ್ಲ ಕುಂಕುಮ. ಪೊಟ್ಟಣ ಯಾವಾಗ ಒಡೆದಿತ್ತೋ ಏನೋ, ಸೀಟಿನ ಹೊಲಿಗೆಯೊಳಕ್ಕೆಲ್ಲ ಇಳಿದುಬಿಟ್ಟಿದೆ. ಸೋಪು ಹಾಕಿ ತಿಕ್ಕಿದಷ್ಟೂ ಹರಡಿತೇ ಹೊರತು ಹೋಗಲಿಲ್ಲ. ನಮ್ಮ ಯಜಮಾನರು ಮೇಲೆ ನಿಂತು ನೋಡುತ್ತಿದ್ದವರು, “ಹೋಗ್ಲಿ ಬಿಡೆ, ಕುಂಕುಮ ತಾನೇ” ಎಂದರು. ಅದು ಯಾರ ಮನೆಗೆಂದು ಹೊರಟ ಕುಂಕುಮ ಎನ್ನುವುದು ಅವರಿಗೂ ಗೊತ್ತಿದೆ. ಗೊತ್ತಿದ್ದೂ ಗೊತ್ತಿಲ್ಲದವರ ಹಾಗೆ ಮಾತಾಡುವುದು ಅವರ ಒಳ್ಳೆಯತನ. ನಾನು ಬಕೆಟ್ಟು ಅಲ್ಲೇ ಬಿಟ್ಟು ಬಂದು ಕೂತೆ.

ಕಾರಿನ ವಿಷಯ ಮೊದಲು ಹೇಳಿಬಿಡುತ್ತೇನೆ. ನಾನು ತಿಪಟೂರಿನಲ್ಲಿ ಬಾಡಿಗೆ ಮನೆಯ ಮಹಡಿಯ ಮೇಲಿದ್ದು, ತುರುವೇಕೆರೆ ಕಡೆಯ ಒಂದು ಹೈಸ್ಕೂಲಿಗೆ ದಿನಾ ಹೋಗಿ ಬಂದು ಸಮಾಜ ವಿಜ್ಞಾನ ಹೇಳಿಕೊಡುವವಳು. ಬಸ್ಸಿನಲ್ಲಿ ನಿಂತು ನಿಂತು ಮಂಡಿ ಸವೆದ ಮೇಲೆ, ಪೆಟ್ರೋಲಿನ ತಂಟೆಯೇ ಬೇಡವೆಂದು ಕರೆಂಟಿನ ಕಾರು ತೆಗೆದುಕೊಂಡೆವು. ಮನೆಯಲ್ಲೇ ರಾತ್ರಿ ಚಾರ್ಜಿಗೆ ಹಾಕಿದರಾಯಿತು, ಮೊಬೈಲ್ ಹಾಕಿದ ಹಾಗೆ ಎಂದು ಷೋರೂಮಿನ ಹುಡುಗ ನಗುತ್ತಾ ಹೇಳಿದ್ದ. ಮಹಡಿಯಿಂದ ವೈರು ಇಳಿಬಿಟ್ಟ ಮೊದಲ ದಿನವೇ ಮನೆ ಓನರಮ್ಮ ಸೊಂಟದ ಮೇಲೆ ಕೈಯಿಟ್ಟುಕೊಂಡು ಕೆಳಗೆ ನಿಂತರು. “ಮೇಡಂ, ಮಿಕ್ಸಿ ಗ್ರೈಂಡರ್ ಏನಾರ ಹಾಕ್ಕಳಿ, ಬ್ಯಾಡ ಅನ್ನಕಿಲ್ಲ. ಕಾರ್ಗೆಲ್ಲ ನಮ್ ಮನೆ ವೈರಿಂಗ್ ತಡೆಯಕಿಲ್ಲ ಕಣ್ರೀ. ಸುಟ್ಟೋದ್ರೆ ಯಾರು ಜವಾಬ್ದಾರಿ?” ಎಂದರು. ಸುಟ್ಟುಹೋದರೆ ಮೇಲಿರುವ ನಾನೇ ಮೊದಲು ಸುಟ್ಟುಹೋಗುವುದು ಎಂದು ಬಾಯಿತನಕ ಬಂತು, ನುಂಗಿಕೊಂಡು ವೈರು ಸುತ್ತಿ ಮೇಲಕ್ಕೆ ಎಳೆದುಕೊಂಡೆ.

ಅಲ್ಲಿಂದ ಶುರುವಾಯಿತು ನೋಡಿ ನನಗೂ ಆ ಫಾಸ್ಟ್ ಚಾರ್ಜರಿಗೂ ನಂಟು. ಊರಾಚೆ ಹೆದ್ದಾರಿ ಪಕ್ಕದಲ್ಲಿ ಗೌರಮ್ಮ ಎಂಬುವರ ಹೋಟೆಲಿದೆ. ಅದರ ಅಂಗಳದಲ್ಲಿ ಆಳೆತ್ತರದ ಮಷಿನ್ನು, ಅದರ ತಲೆಯ ಮೇಲೆ ಮಿಂಚಿನ ಚಿತ್ರ ಬರೆದ ಬೋರ್ಡು, ಬೋರ್ಡಿನ ತುಂಬ ‘ಫಾಸ್ಟ್’ ಎಂಬ ಅಕ್ಷರ. ಕಾರಿಗೆ ಚುಚ್ಚುವ ಕೊಳವೆಗೆ ಅಲ್ಲಿ ಗನ್ ಎನ್ನುತ್ತಾರೆ. ಗನ್ನುಗಳು ಎರಡು. ಅದರಲ್ಲಿ ಒಂದಕ್ಕೆ ನಾನು ಕಂಡಾಗಿನಿಂದಲೂ ಗೊಬ್ಬರದ ಚೀಲ ಹೊದಿಸಿ ತೆಂಗಿನ ನಾರಿನ ಹಗ್ಗ ಬಿಗಿದಿತ್ತು. ಇನ್ನೊಂದು ಮನಸ್ಸು ಬಂದರೆ ಕೆಲಸ ಮಾಡುತ್ತದೆ. ಮಷಿನ್ನಿನ ಮುಖದ ಗಾಜು ಬಿಸಿಲಿಗೆ ಕಪ್ಪಾಗಿ ಅದರಲ್ಲಿ ಏನು ಬರೆದು ಬರುತ್ತದೆ ಎಂದು ದೇವರಿಗೂ ಕಾಣುವುದಿಲ್ಲ. ಎಲ್ಲವನ್ನೂ ನಮ್ಮ ನಮ್ಮ ಮೊಬೈಲಿನಲ್ಲೇ ನೋಡಿಕೊಳ್ಳಬೇಕು. ಮೊಬೈಲಿನಲ್ಲಿ ‘ಶುರು’ ಒತ್ತಿದರೆ ಒಂದು ಚಕ್ರ ತಿರುಗುತ್ತದೆ, ತಿರುಗುತ್ತದೆ, ತಿರುಗುತ್ತಲೇ ಇರುತ್ತದೆ. ನೆಟ್‌ವರ್ಕ್ ಬಂದು ಓಟಿಪಿ ಬರುವ ಹೊತ್ತಿಗೆ ಮಷಿನ್ನಿಗೆ ಬೇಸರವಾಗಿ ಮಲಗಿರುತ್ತದೆ. ಸಹಾಯವಾಣಿಗೆ ಫೋನ್ ಮಾಡಿದರೆ ನಿಮ್ಮ ಕರೆ ನಮಗೆ ಬಹಳ ಮುಖ್ಯ ಎಂದು ಹೇಳಿ ಪೀಪಿ ಊದುತ್ತಾರೆ. ಇಷ್ಟೆಲ್ಲ ದಾಟಿ ಚಾರ್ಜಾಗಲು ಹಿಡಿಯಿತು ಎನ್ನಿ, ಅಷ್ಟರಲ್ಲಿ ತೋಟಗಳಿಗೆ ತ್ರೀ ಫೇಸ್ ಕರೆಂಟು ಬಿಡುತ್ತಾರೆ. ಸುತ್ತಲಿನ ಪಂಪುಸೆಟ್ಟುಗಳೆಲ್ಲ ಒಟ್ಟಿಗೇ ಎದ್ದು ನೀರೆಳೆಯುತ್ತವೆ, ಮಷಿನ್ನು ಏದುಸಿರು ಬಿಟ್ಟು ಕೂತುಬಿಡುತ್ತದೆ.

ಆ ಅಂಗಳದಲ್ಲಿ ನಾನು ಮಾಡದ ಕೆಲಸವಿಲ್ಲ. ಮೂರು ಸೆಕ್ಷನ್ನಿನ ಟೆಸ್ಟ್ ಪೇಪರು ತಿದ್ದಿದ್ದೇನೆ, ಅವರೆಕಾಯಿ ಸುಲಿದಿದ್ದೇನೆ, ಒಂದು ಸಲ ಬಾಯಿ ತೆರೆದು ನಿದ್ದೆಯನ್ನೂ ಮಾಡಿದ್ದೇನೆ. ಅದನ್ನು ಬಸ್ಸಿನಿಂದ ನೋಡಿದ ಒಂಬತ್ತನೇ ಕ್ಲಾಸಿನ ಮಕ್ಕಳು ಮಾರನೇ ದಿನ ಇಡೀ ಸ್ಕೂಲಿಗೆ ಸಾರಿದರು. ಕೈಗಾರಿಕಾ ಕ್ರಾಂತಿಯಿಂದ ಜನಜೀವನ ಹೇಗೆ ವೇಗ ಪಡೆಯಿತು ಎಂಬ ಪಾಠವನ್ನು ನಾನು ಮಾಡುವಾಗ ಹಿಂದಿನ ಬೆಂಚಿನವರು ಒಬ್ಬರನ್ನೊಬ್ಬರು ತಿವಿದುಕೊಳ್ಳುತ್ತಿದ್ದರು. ಗೌರಮ್ಮನಿಗಂತೂ ಆ ಮಷಿನ್ನಿನ ಮೇಲೆ ಎಲ್ಲಿಲ್ಲದ ಪ್ರೀತಿ. “ಅದು ರಿಪೇರಿ ಆಗ್ದಿದ್ರೇನೇ ನಮ್ಗೆ ಒಳ್ಳೇದು ಕಣ್ ಮೇಡಂ. ಕಾಯೋರು ಸುಮ್ನೆ ಕೂರ್ತಾರಾ? ನಾಕ್ ತಟ್ಟೆ ಇಡ್ಲಿ ಜಾಸ್ತಿ ಹೋಯ್ತವೆ” ಎಂದು ಮುಖದ ಮೇಲೇ ಹೇಳುತ್ತಿದ್ದರು. ನಾನು ಬೈದುಕೊಂಡೇ ಇಡ್ಲಿ ತಿನ್ನುತ್ತಿದ್ದೆ.

ಆದರೆ ಕಾಯುವುದಕ್ಕೆ ಇಷ್ಟು ಸಿಡಿಮಿಡಿಗೊಳ್ಳುವ ಹಕ್ಕು ನನಗೆ ಇಲ್ಲ ಎಂದೂ ಅನ್ನಿಸುತ್ತದೆ. ನಾನು ಹುಟ್ಟಿದ್ದು ಚಿಕ್ಕನಾಯಕನಹಳ್ಳಿ ತಾಲೂಕಿನ ಕಂದಿಕೆರೆ ಕಡೆ, ಕೊಬ್ಬರಿ ಮನೆಯಲ್ಲಿ. ನಮ್ಮಲ್ಲಿ ತೆಂಗಿನಕಾಯಿಯನ್ನು ಕಿತ್ತ ಕೂಡಲೇ ಒಡೆದು ಒಣಗಿಸಿ ಮಾರುವ ಅವಸರ ಇರಲಿಲ್ಲ. ಬಲಿತ ಕಾಯನ್ನು ಸಿಪ್ಪೆ ಸಮೇತ ಅಟ್ಟಕ್ಕೆ ಏರಿಸಿದರೆ ಹೆಚ್ಚುಕಡಿಮೆ ವರ್ಷ ಅದು ಅಲ್ಲೇ ಇರಬೇಕು. ಒಳಗಿನ ನೀರು ತಾನಾಗಿ ಇಂಗಿ, ತಿರುಳು ತಾನಾಗಿ ಚಿಪ್ಪು ಬಿಟ್ಟು ಉಂಡೆಯಾಗಬೇಕು. ಆಗಿದೆಯೋ ಇಲ್ಲವೋ ನೋಡಲು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುವುದು. ಒಳಗೆ ಗಡಗಡ ಎಂದರೆ ಕೊಬ್ಬರಿ, ಗುಳುಗುಳು ಎಂದರೆ ಇನ್ನೂ ಕಾಯಿ. ಆ ಅಟ್ಟದ ಕೆಳಗೇ ನಾವು ಉಂಡು, ಮಲಗಿ, ಜಗಳವಾಡಿ ಬೆಳೆದೆವು. ತಲೆಯ ಮೇಲೆ ಅಷ್ಟೊಂದು ಕಾಯಿ ಸದ್ದಿಲ್ಲದೆ ಒಣಗುತ್ತಿದ್ದದ್ದು ನಮಗೆ ಒಂದು ವಿಶೇಷವೇ ಅಲ್ಲ.

ನನಗೆ ಒಬ್ಬನೇ ಅಣ್ಣ. ಅಟ್ಟಕ್ಕೆ ಏಣಿ ಹತ್ತುವಾಗ ಅವನು ಮುಂದೆ, ನಾನು ಹಿಂದೆ. ಅವನು ಒಂದೊಂದೇ ಕಾಯಿ ಅಲ್ಲಾಡಿಸಿ ನ್ಯಾಯಾಧೀಶರ ಹಾಗೆ ತೀರ್ಪು ಕೊಡುವನು. ನನಗೆ ಎಲ್ಲದರಲ್ಲೂ ಗಡಗಡವೇ ಕೇಳಿಸುವುದು, ಯಾಕೆಂದರೆ ನನಗೆ ಕೊಬ್ಬರಿ ಬೆಲ್ಲ ತಿನ್ನುವ ಆತುರ. “ಆಗಿಲ್ಲ ಕಣೇ ನಾಗಿ, ಮಡುಗು ಅಲ್ಲಿ” ಎನ್ನುವನು. ನಾನು ಅಳುವ ಮುಖ ಮಾಡಿದರೆ ಎಲ್ಲಿಂದಲೋ ಆಗಿರುವ ಒಂದನ್ನು ಹುಡುಕಿ ತಂದು ಒಡೆಯುವನು. ದೊಡ್ಡದು ನನಗೆ, ಚಿಪ್ಪಿಗೆ ಅಂಟಿದ ಚೂರು ಅವನಿಗೆ. ನನ್ನ ಮದುವೆಯಾದ ಮೇಲೂ ಗೌರಿ ಹಬ್ಬಕ್ಕೆ ತವರಿನ ಬಾಗಿನ ಹೊತ್ತು ತಪ್ಪದೆ ಬರುತ್ತಿದ್ದ. ಅತ್ತಿಗೆ ಮೊರದಲ್ಲಿ ಜೋಡಿಸಿ ಕೊಟ್ಟ ಸಾಮಾನಿನ ಜೊತೆ ಟವೆಲಿನಲ್ಲಿ ಬೇರೆಯಾಗಿ ಕಟ್ಟಿದ ಎರಡು ಕೊಬ್ಬರಿ ಗಿಟುಕು ಇರುತ್ತಿತ್ತು. ಇದು ಬಾಗಿನಕ್ಕಲ್ಲ, ನಿನಗೆ ಎನ್ನುತ್ತಿದ್ದ.

ಇಂಥ ಅಣ್ಣನ ಜೊತೆ ನಾಲ್ಕು ವರ್ಷ ಮಾತು ಬಿಟ್ಟೆ ಎಂದರೆ ನೀವು ಆಸ್ತಿಯ ಜಗಳ ಅಂದುಕೊಳ್ಳುತ್ತೀರಿ. ಅಲ್ಲ. ಅಷ್ಟು ದೊಡ್ಡ ಕಾರಣವೂ ಇಲ್ಲ. ಅವನ ಮಗಳ ಮದುವೆಗೆ ಅವನು ನನ್ನನ್ನು ಫೋನಿನಲ್ಲಿ ಕರೆದ. ನಮ್ಮ ಕಡೆ ಮದುವೆಗೆ ಕರೆಯುವುದು ಎಂದರೆ ಮನೆ ಬಾಗಿಲಿಗೆ ಬರಬೇಕು, ಹೆಣ್ಣುಮಕ್ಕಳಿಗೆ ಅರಿಶಿನ ಕುಂಕುಮ ಕೊಡಬೇಕು, ಕೈಗೆ ಪತ್ರಿಕೆ ಕೊಟ್ಟು ‘ಮುಂದೆ ನಿಂತು ನಡೆಸಿಕೊಡಬೇಕು’ ಎನ್ನಬೇಕು. ದಾರಿಯಲ್ಲಿ ಸಿಕ್ಕಾಗ ಹೇಳಿದ್ದು, ಫೋನಿನಲ್ಲಿ ಹೇಳಿದ್ದು ಕರೆದ ಲೆಕ್ಕಕ್ಕೆ ಬರುವುದಿಲ್ಲ. ಮೊಬೈಲಿಗೆ ಬಂದ ಪತ್ರಿಕೆಯಲ್ಲಿ ಗಣಪತಿ ಗಿರಗಿರ ತಿರುಗುತ್ತಿದ್ದ, ಹಿಂದೆ ನಾದಸ್ವರ ಬೇರೆ. ಮದುವೆ ಕೆಲಸದಲ್ಲಿ ಅಣ್ಣನಿಗೆ ಬಿಡುವಾಗಿರಲಿಕ್ಕಿಲ್ಲ, ಒಡಹುಟ್ಟಿದವಳಿಗೆ ಎಂಥ ಉಪಚಾರ ಎಂದುಕೊಂಡಿರಬೇಕು. ನನಗೆ ಮಾತ್ರ ಮೈಯೆಲ್ಲ ಉರಿದುಹೋಯಿತು. ಸ್ವಂತ ಸೋದರತ್ತೆಯನ್ನು ಹೀಗೆ ಕರೆಯುವುದಾ? ನಾನು ಹೋಗಲಿಲ್ಲ. ಮದುವೆಯ ದಿನ ಮನೆಯಲ್ಲಿ ಉಪ್ಪಿಟ್ಟು ಮಾಡಿಕೊಂಡು ಅಳುತ್ತಾ ತಿಂದೆ. ಅಲ್ಲಿ ಆರತಿ ಎತ್ತಲು ಸೋದರತ್ತೆ ಇಲ್ಲದೆ ಬೇರೆ ಯಾರೋ ಎತ್ತಿದರಂತೆ. ಆ ವರ್ಷದ ಗೌರಿ ಹಬ್ಬಕ್ಕೆ ಬಾಗಿನ ಬರಲಿಲ್ಲ, ಆಮೇಲೂ ಬರಲಿಲ್ಲ.

ಇಷ್ಟರಲ್ಲಿ ನನ್ನ ಮಗಳು ಪುಟ್ಟಿಗೆ ಗಂಡು ಗೊತ್ತಾಯಿತು. ಮದುಮಗಳನ್ನು ಕೈಹಿಡಿದು ಹಸೆಮಣೆಗೆ ಕರೆತರಬೇಕಾದವನು ಸೋದರಮಾವ. ಪತ್ರಿಕೆ ಅಚ್ಚಾಗಿ ಬಂದ ದಿನವೇ ಪುಟ್ಟಿ ನನ್ನ ಮುಂದೆ ನಿಂತಳು. “ಅಮ್ಮಾ, ನನ್ನ ಕೈ ಹಿಡ್ಕೊಂಡು ಬರೋದು ಮಾವಾನೇ. ಬೇರೆ ಯಾರ್ನಾದ್ರೂ ನಿಲ್ಸಿದ್ರೆ ನಾನು ರೂಮಿಂದ ಆಚೆಗೇ ಬರಲ್ಲ ನೋಡು” ಎಂದಳು. ನನಗೂ ಬೇಕಾಗಿದ್ದದ್ದು ಅದೇ, ಹೇಳಿಕೊಳ್ಳಲು ಒಂದು ನೆಪ ಇರಲಿಲ್ಲ. ಮನೆದೇವರ ಮುಂದೆ ಮೊದಲ ಪತ್ರಿಕೆ ಇಟ್ಟಾಯಿತು. ಎರಡನೆಯದು ಅಣ್ಣನಿಗೆ ಎಂದು ಕಟ್ಟಿನ ಮೇಲೇ ಇಟ್ಟುಕೊಂಡೆ. ಅವನು ಕರೆದ ಹಾಗೆ ನಾನು ಕರೆಯಬಾರದು, ಒಂದು ಎಳೆಯೂ ತಪ್ಪಬಾರದು, ಕಂದಿಕೆರೆಗೇ ಹೋಗಿ, ಹೊಸಿಲು ದಾಟಿ, ಅಣ್ಣ ಅತ್ತಿಗೆ ಇಬ್ಬರನ್ನೂ ಕೂರಿಸಿ ಕರೆಯಬೇಕು ಎಂದು ತೀರ್ಮಾನಿಸಿದೆ. ನಮ್ಮವರು ತಮ್ಮ ಕಡೆಯವರನ್ನು ಕರೆಯಲು ಹಾಸನದ ಕಡೆ ಹೋದರು. ನನ್ನ ಜಗಳ ನಾನೇ ಬಿಡಿಸಿಕೊಳ್ಳುತ್ತೇನೆ ಎಂದು ನಾನೊಬ್ಬಳೇ ಬುಧವಾರ ಹೊರಟೆ. ಬುಧವಾರ ಹನ್ನೆರಡಕ್ಕೆ ರಾಹುಕಾಲ. ಅಷ್ಟರೊಳಗೆ ಅಣ್ಣನ ಮನೆ ಮುಟ್ಟಬೇಕು.

ಹಿಂದಿನ ದಿನವೇ ಚಾರ್ಜ್ ಮಾಡಿಸಿಕೊಳ್ಳಬೇಕಿತ್ತು ನಿಜ. ಸೀರೆಗೆ ಫಾಲ್ಸ್ ಹೊಲಿಸುವುದರಲ್ಲಿ ಮರೆತೆ. ಕಂದಿಕೆರೆಗೆ ಹೋಗಿಬರುವಷ್ಟಿರಲಿ, ಹೋಗುವಷ್ಟೂ ಬ್ಯಾಟರಿ ಇರಲಿಲ್ಲ. ಬೆಳಿಗ್ಗೆಯೇ ಅಲ್ವಾ, ಪಂಪುಸೆಟ್ಟು ಏಳುವ ಮೊದಲೇ ಮುಗಿಸಿಕೊಂಡು ಹೋದರಾಯಿತು ಎಂದು ಗೌರಮ್ಮನ ಹೋಟೆಲಿನ ಅಂಗಳಕ್ಕೆ ಕಾರು ತಿರುಗಿಸಿದೆ. ಇರುವ ಒಂದು ಗನ್ನಿಗೆ ಆಗಲೇ ಯಾರದೋ ಬೂದು ಬಣ್ಣದ ಕಾರು ಕಚ್ಚಿಕೊಂಡಿತ್ತು. ನನ್ನ ಹಣೆಬರಹವನ್ನು ಬೈದುಕೊಳ್ಳುತ್ತಾ ಕೆಳಗಿಳಿದೆ. ಹೊಂಗೆಮರದ ಕೆಳಗಿನ ಕಲ್ಲುಬೆಂಚಿನ ಮೇಲೆ ಬಿಳಿ ಪಂಚೆ, ಹೆಗಲ ಮೇಲೆ ಟವೆಲು, ಮೊಬೈಲನ್ನು ದೂರ ಹಿಡಿದು ಕಣ್ಣು ಕಿರಿದು ಮಾಡಿ ನೋಡುತ್ತಿರುವವನು ನಮ್ಮಣ್ಣ.

ಅವನೂ ಕರೆಂಟಿನ ಕಾರು ತೆಗೆದುಕೊಂಡಿದ್ದಾನೆ ಎಂದು ಯಾರೋ ಹೇಳಿದ್ದರು, ನಾನು ಕಿವಿಗೆ ಹಾಕಿಕೊಂಡಿರಲಿಲ್ಲ. ಬುಧವಾರ ತಿಪಟೂರಿನಲ್ಲಿ ಕೊಬ್ಬರಿ ಮಾರ್ಕೆಟ್ಟು. ಮಾಲು ಮಂಡಿಗೆ ಇಳಿಸಿ, ರೇಟು ಗೊತ್ತಾಗುವ ತನಕ ಚಾರ್ಜಿಗೆ ಹಾಕಲು ಬಂದಿದ್ದ. ವಾಪಸ್ಸು ಹೋಗೋಣವೆಂದರೆ ಮನೆಯಲ್ಲಿ ಚಾರ್ಜಿಲ್ಲ, ಮುಂದೆ ಹೋಗೋಣವೆಂದರೆ ಕಾರಿನಲ್ಲಿ ಚಾರ್ಜಿಲ್ಲ. ನಿಂತಲ್ಲೇ ನಿಂತೆ. ಅವನು ತಲೆಯೆತ್ತಿ ನೋಡಿದ. ಕೂದಲು ಪೂರ್ತಿ ಬೆಳ್ಳಗಾಗಿಹೋಗಿತ್ತು. ಟವೆಲಿನಿಂದ ಬೆಂಚಿನ ಇನ್ನೊಂದು ತುದಿಯನ್ನು ಒರೆಸಿದ. ಅದು ನನಗೆ ಎಂದು ತಿಳಿದುಕೊಂಡು ಹೋಗಿ ಕೂತೆ.

ಏನು ಮಾತಾಡುವುದು? ಇಬ್ಬರಿಗೂ ಸಿಕ್ಕಿದ್ದು ಆ ಮಷಿನ್ನೇ.

“ಓಡ್ತಾ ಐತಾ?” ಎಂದೆ.

“ಎರಡ್ ಕಿತ ನಿಂತಿತ್ತು. ಈಗ ಓಡ್ತೈತೆ.”

“ಇದ್ರ ಹಣೆಬರಾನೇ ಇಷ್ಟು.”

“ಊಂ. ಮೇಲೆ ಮಾತ್ರ ಫಾಸ್ಟ್ ಅಂತ ಬರ್ಕಂಡವ್ರೆ.”

ಇಬ್ಬರೂ ಒಟ್ಟಿಗೆ ಬೋರ್ಡು ನೋಡಿದೆವು. ಅವನ ಮೀಸೆಯಲ್ಲಿ ಒಂದಿಷ್ಟು ನಗು ಕಂಡಿತು. ನನಗೂ ಬಂತು, ಸೆರಗು ಸರಿಮಾಡಿಕೊಂಡೆ. ಆಮೇಲೆ ಅವನೇ ಎದ್ದುಹೋಗಿ ಎರಡು ಕಾಫಿ ತಂದ. ನನ್ನದು ಬೆಲ್ಲದ್ದು. ಆ ಹೋಟೆಲಿನಲ್ಲಿ ಬೆಲ್ಲದ ಕಾಫಿ ಮಾಡುವುದಿಲ್ಲ ಎನ್ನುವುದು ನನಗೆ ಚೆನ್ನಾಗಿ ಗೊತ್ತು, ಗೌರಮ್ಮನಿಗೆ ಹೇಳಿ ಬೇರೆಯಾಗಿ ಮಾಡಿಸಿದ್ದ. ಲೋಟ ಹಿಡಿದುಕೊಂಡು ನಾನು ರಸ್ತೆ ನೋಡಿದೆ, ಅವನು ತೋಟ ನೋಡಿದ.

“ಪುಟ್ಟಿ ಚೆನ್ನಾಗವ್ಳಾ?” ಎಂದ.

“ಅವ್ಳೆ. ನಿನ್ನ ಕೇಳ್ತಾ ಇರ್ತಾಳೆ.”

“ಊಂ.”

ಆ ‘ಊಂ’ ಆದಮೇಲೆ ಅವನು ಸ್ವಲ್ಪ ಹೊತ್ತು ನನ್ನ ಮುಖವನ್ನೇ ನೋಡಿದ. ಮಗಳಿಗೆ ಗಂಡು ಗೊತ್ತಾಗಿರುವ ಸುದ್ದಿ ಅವನ ಕಿವಿಗೂ ಬಿದ್ದಿರುತ್ತದೆ, ನಮ್ಮ ಕಡೆ ಸುದ್ದಿ ಬಸ್ಸಿಗಿಂತ ಮೊದಲೇ ಊರು ಮುಟ್ಟುತ್ತದೆ. ನನ್ನ ಕಾರಿನ ಗಾಜಿನೊಳಗಿಂದ ಹಿಂದಿನ ಸೀಟಿನ ಮೇಲಿದ್ದ ಪತ್ರಿಕೆಯ ಕಟ್ಟು ಚೆನ್ನಾಗಿಯೇ ಕಾಣುತ್ತಿತ್ತು. ಮೂಲೆಗೆ ಅರಿಶಿನ ಹಚ್ಚಿದ್ದೂ ಕಾಣುತ್ತಿತ್ತು. ಪಕ್ಕದಲ್ಲಿ ತೆಂಗಿನಕಾಯಿ, ಕುಂಕುಮದ ಪೊಟ್ಟಣ, ಎಲೆಅಡಿಕೆ. ಅವನ ಕಣ್ಣು ಅಲ್ಲಿಗೆ ಹೋಗಿ ಬಂದದ್ದನ್ನು ನಾನು ನೋಡಿದೆ.

“ದೂರಾನಾ?” ಎಂದ. ಹೊರಟವರನ್ನು ಎಲ್ಲಿಗೆ ಎಂದು ಕೇಳಬಾರದು ಎಂದು ನಮ್ಮವರು ಹೀಗೆ ಕೇಳುತ್ತಾರೆ.

ಆಗ ನನ್ನ ಬಾಯಿಗೆ ಏನು ಬಂದಿತ್ತೋ ಕಾಣೆ. “ಹೂಂ ಕಣಣ್ಣ, ದೂರಾನೇ” ಎಂದುಬಿಟ್ಟೆ.

ನಿನ್ನ ಮನೆಗೇ ಹೊರಟಿದ್ದೇನೆ ಎಂದು ಯಾಕೆ ಹೇಳಲಿಲ್ಲ? ನೀವು ಕೇಳುತ್ತೀರಿ, ನಾನೂ ದಿನಕ್ಕೊಂದು ಸಲ ಕೇಳಿಕೊಳ್ಳುತ್ತೇನೆ. ಹೇಳಿದರೆ ಅದೇ ಕರೆದಂತಾಗುತ್ತದಲ್ಲ! ಲಾರಿ ಹೊಗೆ ಮುಖಕ್ಕೆ ಹೊಡೆಯುವ ಜಾಗದಲ್ಲಿ, ಗೊಬ್ಬರದ ಚೀಲ ಹೊದ್ದ ಮಷಿನ್ನಿನ ಮುಂದೆ, ದಾರಿಯಲ್ಲಿ ಸಿಕ್ಕಿದ ಅಣ್ಣನಿಗೆ ಪತ್ರಿಕೆ ಕೊಡುವುದಾ? ಫೋನಿನಲ್ಲಿ ಕರೆದನೆಂದು ನಾಲ್ಕು ವರ್ಷ ಮುಖ ತಿರುಗಿಸಿಕೊಂಡು ಕೂತವಳು, ಈಗ ರಸ್ತೆ ಬದಿಯಲ್ಲಿ ಕರೆದರೆ ಯಾವ ಮುಖ ಇಟ್ಟುಕೊಳ್ಳಲಿ? ಹೊಸಿಲಿಗೇ ಹೋಗಿ ಕರೆಯುತ್ತೇನೆ, ಅವನ ಕಣ್ಣು ತುಂಬಬೇಕು, ಹಾಗೆ ಕರೆಯುತ್ತೇನೆ ಎಂದು ಒಳಗೊಳಗೇ ಹಿಗ್ಗುತ್ತಿದ್ದೆ. ಆ ಹಿಗ್ಗಿನಲ್ಲಿ ಪಕ್ಕದಲ್ಲಿ ಕೂತವನ ಮುಖ ನನಗೆ ಸರಿಯಾಗಿ ಕಾಣಲೇ ಇಲ್ಲ.

ಹೊತ್ತು ಏರುತ್ತಿತ್ತು. ರಾಹುಕಾಲ ನೆನೆದುಕೊಂಡು ನನಗೆ ಕೂತಲ್ಲಿ ಕೂರಲಾಗಲಿಲ್ಲ. “ಎಷ್ಟಾಯ್ತಣ್ಣ?” ಎಂದು ಕೇಳಿದೆ. ಅವನು ಮೊಬೈಲು ನೋಡಿ, “ಇನ್ನೊಂದೀಟು ಐತೆ” ಎಂದ. ಮತ್ತೆ ಸ್ವಲ್ಪ ಹೊತ್ತಿಗೆ ಕೇಳಿದೆ. “ಇನ್ನೊಂದೀಟು.” ಮಷಿನ್ನಿನ ಹೊಟ್ಟೆಯೊಳಗೆ ಗೊರ್ ಎನ್ನುತ್ತಿದ್ದ ಫ್ಯಾನಿನ ಸದ್ದು ಇದ್ದಕ್ಕಿದ್ದಂತೆ ಅಡಗಿತು.

“ನೋಡು, ಮತ್ತೆ ನಿಂತೋಯ್ತು!” ಎಂದೆ.

“ಇಲ್ಲ ಬುಡು, ಓಡ್ತೈತೆ. ಕೂತ್ಕೊ” ಎಂದ ಅಣ್ಣ.

ನಾನು ಕೂತು ಆ ಮಷಿನ್ನಿಗೆ, ಅದನ್ನು ತಂದಿಟ್ಟವರಿಗೆ, ಅವರ ಹಿಂದಿನ ಮುಂದಿನ ತಲೆಮಾರಿಗೆಲ್ಲ ಮನಸ್ಸಿನಲ್ಲೇ ಸಹಸ್ರನಾಮ ಮಾಡಿದೆ. ಅಣ್ಣ ಮಾತ್ರ ಯಾವ ಆತುರವೂ ಇಲ್ಲದವನಂತೆ ಕೂತಿದ್ದ. ನಡುವೆ ಒಮ್ಮೆ ಗಂಟಲು ಸರಿಮಾಡಿಕೊಂಡು, “ಮದ್ವೆ ಕಾಲ. ಎಲ್ರಿಗೂ ಓಡಾಟ” ಎಂದ. “ಹೂಂ, ಎಲ್ಲಿ ಬಿಡುವು” ಎಂದು ನಾನು ಗಡಿಯಾರ ನೋಡಿದೆ. ಇನ್ನೊಮ್ಮೆ, “ಛತ್ರ ಗಿತ್ರ ಸಿಗೋದೇ ಕಷ್ಟ ಆಗೈತಂತೆ ಈಗ” ಎಂದ. “ಹೌದಂತೆ” ಎಂದೆ. ಎರಡು ಸಲ ಬಾಗಿಲು ತಟ್ಟಿದ, ಎರಡು ಸಲವೂ ನಾನೇ ಚಿಲಕ ಹಾಕಿದೆ.

ಕೊನೆಗೆ ಅವನು ಎದ್ದು ಗನ್ನು ಕಿತ್ತು ನನ್ನ ಕೈಗೆ ಕೊಟ್ಟ. “ನನ್ಗೆ ಸಾಕು ಬುಡು. ನೀನ್ ಹಾಕ್ಕೊ, ದೂರ ಹೋಗ್ಬೇಕು” ಎಂದು ಟವೆಲು ಕೊಡವಿ ಕಾರು ಹತ್ತಿದ. ನನಗಾಗಿ ಅರ್ಧಕ್ಕೇ ಬಿಟ್ಟುಹೋದನಲ್ಲ, ಎಂಥ ಅಣ್ಣ ಎಂದುಕೊಂಡೆ. ಇರು, ಸಾಯಂಕಾಲದೊಳಗೆ ನಿನ್ನ ಬಾಗಿಲಲ್ಲಿರುತ್ತೇನೆ ಎಂದು ಮನಸ್ಸಿನಲ್ಲೇ ಹೇಳಿಕೊಂಡೆ. ಅವನ ಕಾರು ಮಂಡಿಯ ಕಡೆ ತಿರುಗದೆ ನೇರ ಊರಿನ ದಾರಿ ಹಿಡಿದದ್ದು ಕಂಡರೂ ನನಗೆ ಏನೂ ಅನ್ನಿಸಲಿಲ್ಲ.

ನನ್ನ ಕಾರಿಗೆ ಹಾಕುವ ಹೊತ್ತಿಗೆ ಹನ್ನೆರಡು ಹತ್ತಿರಕ್ಕೆ ಬಂದಿತ್ತು. ರಾಹುಕಾಲ ಕಳೆಯದೆ ಹೊರಡುವ ಹಾಗಿಲ್ಲ. ವಿಚಿತ್ರವೆಂದರೆ ಅವತ್ತು ನನಗೆ ಆ ಮಷಿನ್ನು ಎಲ್ಲೂ ನಿಲ್ಲದೆ ಓಡಿತು. ಗೌರಮ್ಮನ ಕೈಯಲ್ಲಿ ಊಟ ಮಾಡಿ, ಒಳ್ಳೆಯ ಗಳಿಗೆ ನೋಡಿ, ದಾರಿಯ ಹಾಲ್ಕುರಿಕೆಯಲ್ಲಿ ಮಠದ ಕಡೆಗೆ ಕಾರಿನಿಂದಲೇ ಕೈಮುಗಿದು ಕಂದಿಕೆರೆ ಮುಟ್ಟಿದೆ.

ಅತ್ತಿಗೆ ಬಾಗಿಲಿಗೆ ಬಂದವರು ನನ್ನನ್ನು ಕಂಡು ಕೈಹಿಡಿದು ಒಳಗೆ ಕರೆದುಕೊಂಡರು. “ಬಂದ್ಯಾ ನಾಗಿ. ಬೆಳಿಗ್ಗೇನೇ ಬರ್ಬಾರ್ದಿತ್ತೇನವ್ವಾ” ಎಂದರು. ಅಣ್ಣ ಎಲ್ಲಿ ಎಂದೆ. “ಕೊಬ್ರಿ ರೇಟೂ ಕೇಳ್ದೆ ಬಂದ್ಬುಟ್ರು. ಊಟ ಬ್ಯಾಡ ಅಂತ ತೋಟಕ್ಕೆ ಹೋದ್ರು. ಕೇಳಿದ್ರೆ, ನನ್ ತಂಗಿ ಊರೋರ್ಗೆಲ್ಲ ಪತ್ರಿಕೆ ಹಂಚ್ಕಂಡು ಹೊಂಟವ್ಳೆ, ನನ್ಗೆ ಬಾಯಿ ಮಾತಲ್ಲೂ ಹೇಳ್ಲಿಲ್ಲ ಅಂದ್ರು ಕಣವ್ವಾ.”

ಅತ್ತಿಗೆಗೆ ಕುಂಕುಮ ಕೊಟ್ಟು, ಕಾಯಿ, ಪತ್ರಿಕೆ ಹಿಡಿದುಕೊಂಡು ತೋಟಕ್ಕೆ ಓಡಿದೆ. ಅಣ್ಣ ಬಾವಿಕಟ್ಟೆಯ ಮೇಲೆ ಕೂತು ಗರಿ ಸೀಳುತ್ತಿದ್ದ. ಸೀಳಬೇಕಾದ ಕೆಲಸವೇನೂ ಇರಲಿಲ್ಲ, ಸುಮ್ಮನೆ ಸೀಳುತ್ತಿದ್ದ.

“ಅಣ್ಣ, ನಿನ್ ಮನೆಗೇ ಹೊಂಟಿದ್ದೆ ಕಣೋ. ಮನೆದೇವ್ರ ಮುಂದೆ ಇಟ್ಟಿದ್ದು ಬಿಟ್ರೆ ಇದೇ ಮೊದಲ್ನೇ ಪತ್ರಿಕೆ. ಕಟ್ಟು ಬೇಕಾದ್ರೆ ನೋಡು, ನಾನಿನ್ನೂ ಯಾರ್ಗೂ ಕೊಟ್ಟಿಲ್ಲ. ದಾರೀಲಿ ಕರೀಬಾರ್ದು ಅಂತ ಬಾಯ್ಮುಚ್ಕೊಂಡಿದ್ದೆ” ಎಂದು ಒಂದೇ ಉಸಿರಿಗೆ ಹೇಳಿದೆ.

ಅವನು ನಂಬಲಿಲ್ಲ ಎನ್ನುವಂತಿಲ್ಲ. ನಂಬಿದ. ಪತ್ರಿಕೆಯನ್ನು ಎರಡೂ ಕೈಯಲ್ಲಿ ತೆಗೆದುಕೊಂಡು ಕಣ್ಣಿಗೊತ್ತಿಕೊಂಡ. ಪುಟ್ಟಿಯ ಹೆಸರಿನ ಮೇಲೆ ಹೆಬ್ಬೆರಳು ಆಡಿಸಿದ. ಆಮೇಲೆ ನನ್ನ ಕಡೆ ನೋಡದೆ ಹೇಳಿದ:

“ನನ್ ಕಾರು ಯಾವಾಗ್ಲೋ ತುಂಬಿತ್ತು ಕಣೇ. ನೀನು ನಿಂತೋಯ್ತು ಅಂದ್ಯಲ್ಲ, ಆಗ್ಲೇ. ನೀನು ಏನಾರ ಒಂದ್ ಮಾತು ಹೇಳ್ತೀಯ ಅಂತ ಕೂತಿದ್ದೆ.”

ನಾನು ಕೈಯಲ್ಲಿದ್ದ ಕಾಯನ್ನು ಬಾವಿಕಟ್ಟೆಯ ಮೇಲಿಟ್ಟೆ.

“ಪತ್ರಿಕೆ ಬ್ಯಾಡ, ಕುಂಕುಮ ಬ್ಯಾಡ. ‘ಅಣ್ಣ, ಪುಟ್ಟಿ ಮದ್ವೆ ಕಣೋ, ಮನೆಗ್ ಬತ್ತಾ ಇದೀನಿ’ ಅಂದಿದ್ರೆ ಸಾಕಾಗಿತ್ತು ನಾಗಿ. ನಾನೇ ಮುಂದೆ ಬಿಟ್ಕಂಡು ಕರ್ಕಂಬತ್ತಿದ್ದೆ. ದೂರ ಅಂದೆ. ಸರಿ ಬುಡು ಅಂತ ಎದ್ದೆ.”

ಗೌರಮ್ಮನ ಇಡ್ಲಿಯ ಹಬೆ, ಬೆಲ್ಲದ ಕಾಫಿ, “ಇನ್ನೊಂದೀಟು ಐತೆ” ಎಂದ ಅವನ ದನಿ, ಎಲ್ಲ ಒಟ್ಟಿಗೆ ನೆನಪಿಗೆ ಬಂದವು. ನಾನು ಅಷ್ಟು ಹೊತ್ತು ಆ ಮಷಿನ್ನನ್ನು ಬೈದಿದ್ದೆ. ಅದರ ತಪ್ಪು ಅವತ್ತು ಏನೂ ಇರಲಿಲ್ಲ. ಅಳುತ್ತಾ ಅವನ ಕಾಲು ಹಿಡಿಯಲು ಬಾಗಿದೆ, ಅವನು ಬಿಡಲಿಲ್ಲ. “ಏಳೇ, ಶುಭಕಾರ್ಯ ಮಡಿಕಂಡು ಅಳ್ಬಾರ್ದು. ಪುಟ್ಟಿ ಕೈ ಹಿಡಿಯಕ್ಕೆ ಬತ್ತೀನಿ. ಅದ್ರಾಗೆ ಎರಡು ಮಾತಿಲ್ಲ” ಎಂದ. ನಿನಗೋಸ್ಕರ ಬರುತ್ತೇನೆ ಎನ್ನಲಿಲ್ಲ.

ಬಂದ. ಹೊಸ ಪಂಚೆ, ಜರಿ ಪೇಟ, ಪುಟ್ಟಿಗೆ ಸೋದರಮಾವನ ಸೀರೆ, ಎಲ್ಲ ಕ್ರಮವಾಗಿ ತಂದ. ಅವಳ ಕೈಹಿಡಿದು ಹಸೆಮಣೆಗೆ ಕರೆತರುವಾಗ ಅವಳಿಗಿಂತ ಅವನೇ ನಿಧಾನ ಹೆಜ್ಜೆ ಇಡುತ್ತಿದ್ದ. ಪುಟ್ಟಿ ಅತ್ತಳು, ಅವನೂ ಪೇಟದ ತುದಿಯಿಂದ ಕಣ್ಣೊರೆಸಿಕೊಂಡ. ನೋಡಿದವರೆಲ್ಲ ಅಣ್ಣತಂಗಿ ಒಂದಾದರು ಎಂದುಕೊಂಡರು. ಧಾರೆ ಮುಗಿಸಿಕೊಂಡು ನಾನು ಊಟದ ಮನೆಗೆ ಹೋಗಿ, ಅವನಿಗೆಂದು ಹಿಡಿದಿದ್ದ ಎಲೆಯ ಮುಂದೆ ನಿಂತು ಹುಡುಕಿದೆ. ಅತ್ತಿಗೆ ಒಬ್ಬರೇ ಬಂದು ಕೂತರು. “ತೋಟಕ್ಕೆ ಕರೆಂಟ್ ಬಿಡೋ ಹೊತ್ತಂತೆ, ಹೋದ್ರು” ಎಂದು ತಲೆ ತಗ್ಗಿಸಿಕೊಂಡು ಉಪ್ಪಿನಕಾಯಿ ಬಡಿಸಿಕೊಂಡರು. ತಂಗಿಯ ಮಗಳ ಮದುವೆಯಲ್ಲಿ ಅಣ್ಣ ಎಲೆ ಮುಂದೆ ಕೂರದೆ ಹೋದ. ನಾನು ಆ ಎಲೆ ಎತ್ತಿಸಲಿಲ್ಲ, ಕೊನೇ ಪಂಕ್ತಿ ಏಳುವ ತನಕ ಹಾಗೇ ಇತ್ತು.

ಈಗ ಹೆದ್ದಾರಿಯ ಆ ಮಷಿನ್ನನ್ನು ಬದಲಾಯಿಸಿದ್ದಾರೆ. ಗೊಬ್ಬರದ ಚೀಲವಿಲ್ಲ, ಎರಡು ಗನ್ನೂ ಕೆಲಸ ಮಾಡುತ್ತವೆ. ಗಾಜಿನ ಮೇಲೆ ಅಂಕಿಗಳು ಹಸಿರಾಗಿ ಕಣ್ಣಿಗೆ ಹೊಡೆಯುವ ಹಾಗೆ ಕಾಣುತ್ತವೆ. ಹಾಕಿ ಒಂದು ಕಾಫಿ ಕುಡಿಯುವಷ್ಟರಲ್ಲಿ ಕೆಲಸ ಮುಗಿದಿರುತ್ತದೆ. ಯಾರಿಗೂ ಯಾರಿಗಾಗಿಯೂ ಕಾಯುವ ಕೆಲಸವಿಲ್ಲ. ಗೌರಮ್ಮನಿಗೆ ವ್ಯಾಪಾರ ಬಿದ್ದುಹೋಯಿತೆಂದು ಸಂಕಟ. ನಾನು ಸ್ಕೂಲಿಗೆ ಅರ್ಧ ದಿನ ರಜೆ ಹಾಕಿಯಾದರೂ ಬುಧವಾರವೇ ಅಲ್ಲಿಗೆ ಹೋಗುತ್ತೇನೆ. ಮಾರ್ಕೆಟ್ಟಿಗೆ ಬಂದವರ ಕಾರುಗಳು ಬರುತ್ತವೆ, ತುಂಬಿಕೊಳ್ಳುತ್ತವೆ, ಹೋಗುತ್ತವೆ. ಬೂದು ಬಣ್ಣದ್ದು ಬಂದರೆ ಎದ್ದು ನಿಲ್ಲುತ್ತೇನೆ. ಇಳಿಯುವವರು ಬೇರೆ ಯಾರೋ ಆಗಿರುತ್ತಾರೆ.

“ಮೇಡಂ, ನಿಮ್ದು ಫುಲ್ ಆಗಿ ಎಷ್ಟೊತ್ತಾಯ್ತು. ಗನ್ ತೆಗೀರಿ, ಹಿಂದ್ಗಡೆ ಗಾಡಿ ಕಾಯ್ತಾ ಐತೆ” ಎಂದು ಗೌರಮ್ಮ ಒಳಗಿನಿಂದ ಕೂಗುತ್ತಾರೆ.

“ಇನ್ನೊಂದೀಟು ಐತೆ” ಎನ್ನುತ್ತೇನೆ.